ಹೊತ್ತು ಮೀರಿತೆ?

ಮಕ್ಕಳು ಬೆಳೆದು ಕೈಗೆ ಬಿಡುವು ದೊರೆತಾಗ, ಮೇಳಿಗೆಯ ಗೃಹಿಣಿಗೂ ಬೆಂಗಳೂರಿನ ಗೃಹಿಣಿಗೂ ಒಂದೇ ಅಳುಕು: ಈ ವಯಸ್ಸಿನಲ್ಲಿ ಹೊಸ ಕೆಲಸ ನನ್ನಿಂದಾದೀತೆ?

ಮೇಳಿಗೆಯವರು ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಅವರದೇ ತಾಲ್ಲೂಕಿನ ತೀರ್ಥಹಳ್ಳಿಯಲ್ಲಿ ೧೯೧೭ರಲ್ಲಿ ಜನಿಸಿದ ಎಂ. ಕೆ. ಇಂದಿರಾ ಅವರ ಶಾಲೆಯ ಓದು ಏಳೇ ವರ್ಷ, ಮದುವೆ ಹನ್ನೆರಡಕ್ಕೆ. ಕಾದಂಬರಿ ಬರೆಯತೊಡಗಿದಾಗ ಅವರ ವಯಸ್ಸು ನಲವತ್ತೈದರ ಆಸುಪಾಸು. ೧೯೬೩ರಲ್ಲಿ 'ತುಂಗಭದ್ರಾ' ಬಂದಿತು, ೧೯೭೬ರಲ್ಲಿ 'ಫಣಿಯಮ್ಮ'. ಎರಡಕ್ಕೂ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಸಂದಿತು.

ಅವರ ಬಂಡವಾಳವೇನು? ಮಲೆನಾಡಿನ ಮನೆಗಳಲ್ಲಿ ಕಂಡ ಬಾಳು, ಹಿರಿಯರ ಬಾಯಿಂದ ಕೇಳಿದ ಸಂಗತಿಗಳು. ಒಲೆಯ ಮುಂದೆ ಕಳೆದ ವರ್ಷಗಳು ವ್ಯರ್ಥವಲ್ಲ, ಸೋದರಿಯರೆ. ಆದರೆ ಆ ಗಂಟನ್ನು ಬಿಚ್ಚಲು ದಿನಕ್ಕೊಂದು ಗಂಟೆಯಾದರೂ ಬೇಡವೆ? ಅದನ್ನು ಒದಗಿಸಿಕೊಡುವ ಹೊಣೆ ಮನೆಯ ಗಂಡಸರದು.