ಕಚೇರಿಯ ಕುರ್ಚಿಯೂ ಯಂತ್ರಬುದ್ಧಿಯೂ

2025ರ ಜುಲೈ ತಿಂಗಳಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಂಸ್ಥೆಯು ತನ್ನ ನೌಕರವರ್ಗದಲ್ಲಿ ನೂರಕ್ಕೆ ಎರಡರಷ್ಟು, ಎಂದರೆ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿದಂದಿನಿಂದ, ಮೇಜಿನ ಕೆಲಸದ ಸಂಬಳವನ್ನು ನಂಬಿದ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ ಕೇಳಿಬರುತ್ತಿದೆ. ಕೃತಕ ಬುದ್ಧಿಯ ಯಂತ್ರವು ನಮ್ಮ ಕುರ್ಚಿಯನ್ನು ಕಸಿದುಕೊಳ್ಳುವುದೆ? ಆ ಸಂಸ್ಥೆಯ ಮುಖ್ಯಾಧಿಕಾರಿಗಳು ಇದಕ್ಕೆ ಯಂತ್ರಬುದ್ಧಿಯು ಕಾರಣವಲ್ಲವೆಂದೂ, ಬೇಕಾದ ಕೌಶಲಕ್ಕೂ ಇರುವ ಕೌಶಲಕ್ಕೂ ಹೊಂದಿಕೆಯಾಗದಿರುವುದೇ ಕಾರಣವೆಂದೂ ಹೇಳಿದರು. ಮಾತು ನಿಜವಿರಬಹುದು. ಆದರೆ ಕೆಲಸ ಕಳೆದುಕೊಂಡವನಿಗೆ ಈ ಎರಡು ಕಾರಣಗಳ ನಡುವಣ ಸೂಕ್ಷ್ಮಭೇದವು ಅಷ್ಟಾಗಿ ರುಚಿಸಲಾರದು.

ಈ ವಿಷಯದಲ್ಲಿ ಮಾತನಾಡುವ ಪಂಡಿತರು ಎರಡು ಪಂಗಡದವರು. ಇನ್ನು ಕೆಲವೇ ವರ್ಷಗಳಲ್ಲಿ ಕಚೇರಿಗಳೆಲ್ಲ ಬರಿದಾಗುವುವೆಂದು ಒಂದು ಪಂಗಡದವರು ಹೆದರಿಸುತ್ತಾರೆ. ಹಿಂದೆ ಬಂದ ಯಂತ್ರಗಳಂತೆ ಇದೂ ಒಂದು, ಹಳೆಯ ಕೆಲಸ ಹೋದರೆ ಹೊಸದು ಬಂದೇ ಬರುವುದೆಂದು ಮತ್ತೊಂದು ಪಂಗಡದವರು ಸಮಾಧಾನ ಹೇಳುತ್ತಾರೆ. 2030ರೊಳಗೆ ಲೋಕದಲ್ಲಿ 9.2 ಕೋಟಿ ಉದ್ಯೋಗಗಳು ಹೋಗಿ 17 ಕೋಟಿ ಹೊಸ ಉದ್ಯೋಗಗಳು ಹುಟ್ಟುವುವೆಂದು ವಿಶ್ವ ಆರ್ಥಿಕ ವೇದಿಕೆಯು 2025ರಲ್ಲಿ ಅಂದಾಜು ಮಾಡಿತು. ಈ ಲೆಕ್ಕವನ್ನು ನಂಬುವವರು ನಂಬಲಿ. ಹೋಗುವ ಕೆಲಸವು ಹುಬ್ಬಳ್ಳಿಯದಾಗಿ ಬರುವ ಕೆಲಸವು ಬೇರೆಲ್ಲಿಯದೋ ಆದರೆ, ಕೂಡಿ ಕಳೆದ ಮೊತ್ತದಿಂದ ಹುಬ್ಬಳ್ಳಿಯವನ ಹೊಟ್ಟೆ ತುಂಬುವುದಿಲ್ಲ. ಎರಡು ಪಂಗಡದವರೂ ಕುರ್ಚಿಯ ಮೇಲೆ ಕುಳಿತವನನ್ನೇ ನೋಡುತ್ತಿದ್ದಾರೆಂಬುದು ನಮ್ಮ ಆಕ್ಷೇಪ. ನೋಡಬೇಕಾದುದು ಬಾಗಿಲಲ್ಲಿ ನಿಂತವನನ್ನು. ಕುಳಿತವನನ್ನು ಎಬ್ಬಿಸುವುದು ಕಷ್ಟ. ಕಾನೂನುಂಟು, ಸಂಘವುಂಟು, ಪತ್ರಿಕೆಗಳುಂಟು. ನಿಂತವನನ್ನು ಒಳಗೆ ಕರೆಯದಿರುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇದು ಊಹೆಯ ಮಾತಲ್ಲ, ನಮ್ಮ ದೇಶದಲ್ಲಿಯೇ ನಡೆದ ಚರಿತ್ರೆ. 1960ರ ದಶಕದಲ್ಲಿ ಜೀವ ವಿಮಾ ನಿಗಮವು ಕಲ್ಕತ್ತೆಯ ಕಚೇರಿಗೆ ಗಣಕಯಂತ್ರವನ್ನು ತರಹೊರಟಾಗ ನೌಕರರು ಕಾವಲು ಕುಳಿತು ಅದನ್ನು ತಡೆದರು. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದು ಬ್ಯಾಂಕುಗಳಲ್ಲಿ ಗಣಕವು ಕಾಲಿಡುವ ಹೊತ್ತಿಗೆ, ನೌಕರರ ಸಂಘಗಳು ಹೋರಾಡಿ, ಚೌಕಾಸಿ ಮಾಡಿ, ಒಪ್ಪಂದಗಳಿಗೆ ಬಂದುವು. ಮುಂದೆ 2000-01ರಲ್ಲಿ ಸರಕಾರಿ ಬ್ಯಾಂಕುಗಳು ಸ್ವಯಂನಿವೃತ್ತಿಯ ಯೋಜನೆಯನ್ನು ಹೊರಡಿಸಿದಾಗ ಸುಮಾರು ಒಂದು ಲಕ್ಷ ನೌಕರರು ಹಣ ಪಡೆದು ಮನೆಗೆ ನಡೆದರು. ತೆರವಾದ ಗುಮಾಸ್ತರ ಕುರ್ಚಿಗಳನ್ನೆಲ್ಲ ಮತ್ತೆ ತುಂಬುವ ಅವಶ್ಯಕತೆ ಬ್ಯಾಂಕುಗಳಿಗೆ ತೋರಲಿಲ್ಲ. 1906ರಲ್ಲಿಯೇ ಕೆನರಾ ಬ್ಯಾಂಕನ್ನೂ ಕಾರ್ಪೊರೇಷನ್ ಬ್ಯಾಂಕನ್ನೂ ಹುಟ್ಟಿಸಿದ ನಮ್ಮ ಕರಾವಳಿಯಲ್ಲಿ, ಓದು ಮುಗಿಸಿದ ಹುಡುಗನಿಗೆ ಬ್ಯಾಂಕಿನ ಗುಮಾಸ್ತಗಿರಿಯೆಂಬುದು ಒಂದು ಕಾಲಕ್ಕೆ ನೆರೆಮನೆಯ ಬಾಗಿಲಿನಷ್ಟು ಹತ್ತಿರವಾಗಿತ್ತು. ಆ ಬಾಗಿಲನ್ನು ಯಾರೂ ಧಡಾರನೆ ಮುಚ್ಚಲಿಲ್ಲ. ವರ್ಷಕ್ಕಿಷ್ಟು ಎಂಬಂತೆ ಅದು ಕಿರಿದಾಗುತ್ತ ಬಂದಿತು. ಸದ್ದಾಗಿದ್ದರೆ ಮುಷ್ಕರವಾಗುತ್ತಿತ್ತು, ಸದ್ದಾಗದ್ದರಿಂದ ಸುದ್ದಿಯೂ ಆಗಲಿಲ್ಲ.

ಯಂತ್ರವೆಂದರೆ ಜನರ ಶತ್ರುವೆನ್ನುವವರೊಡನೆ ನಾವು ಸೇರಲಾರೆವು. ಈ ಶತಮಾನದ ಆರಂಭದಲ್ಲಿ ನಮ್ಮ ಕಂದಾಯ ಇಲಾಖೆಯು 'ಭೂಮಿ' ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಯು ಇನ್ನು ಸಲ್ಲದೆಂದು ಸಾರಿದಾಗ, ಸಾವಿರಾರು ಗ್ರಾಮಲೆಕ್ಕಿಗರ ಗತಿಯೇನೆಂದು ಕೇಳಿದವರುಂಟು. ಗ್ರಾಮಲೆಕ್ಕಿಗನು ಇಂದಿಗೂ ಇದ್ದಾನೆ. ಗ್ರಾಮ ಆಡಳಿತಾಧಿಕಾರಿಯೆಂದು ಹೆಸರನ್ನೂ ದೊಡ್ಡದು ಮಾಡಿಕೊಂಡಿದ್ದಾನೆ. ಪಹಣಿಯನ್ನು ಕೈಯಲ್ಲಿ ಬರೆದುಕೊಡುವ ಅಧಿಕಾರ ಹೋಯಿತು; ಅದರೊಡನೆ ರೈತನನ್ನು ಹತ್ತು ಸಲ ಅಲೆಸುವ ಸೌಕರ್ಯವೂ ಹೋಯಿತು. 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಪಡೆದ ರೈತನನ್ನು ಕೇಳಿದರೆ ಈ ನಷ್ಟಕ್ಕೆ ಅವನೇನೂ ಕಣ್ಣೀರಿಡುವುದಿಲ್ಲ; ನಾವೂ ಇಡುವುದಿಲ್ಲ. ಆದರೆ ಅದೇ ಹುದ್ದೆಗೆ 2024ರಲ್ಲಿ 1,000 ಮಂದಿಯನ್ನು ತೆಗೆದುಕೊಳ್ಳುವುದಾಗಿ ಪ್ರಕಟಣೆ ಹೊರಟಾಗ ಅರ್ಜಿಗಳು ಲಕ್ಷಗಟ್ಟಲೆ ಬಂದುವು. ಬಾಗಿಲಲ್ಲಿ ನಿಂತವರೆಂದು ನಾವು ಹೇಳಿದುದು ಇವರನ್ನೇ.

ಹಿಂದಿನ ಯಂತ್ರಕ್ಕೂ ಈಗಿನದಕ್ಕೂ ಒಂದು ಭೇದವಿದೆ. ಹಿಂದಿನದು ಕೂಡಿ ಕಳೆಯುತ್ತಿತ್ತು, ಬರೆದುದನ್ನು ಕಾಯ್ದಿಡುತ್ತಿತ್ತು, ಕೇಳಿದಾಗ ತೆಗೆದುಕೊಡುತ್ತಿತ್ತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬುದು ಬಂದ ಮೇಲೆ ಯಂತ್ರವು ಕರಡನ್ನೇ ಬರೆಯತೊಡಗಿತು. ಮೈಸೂರಿನವರು ಗುಮಾಸ್ತನೆಂದೂ ಧಾರವಾಡದವರು ಕಾರಕೂನನೆಂದೂ ಕರೆದ ಮನುಷ್ಯನ ದಿನವೆಲ್ಲ ಯಾವುದರಲ್ಲಿ ಕಳೆಯುತ್ತಿತ್ತೋ ಆ ಕೆಲಸ, ಎಂದರೆ ಬಂದ ಕಾಗದದ ಸಾರಾಂಶ, ಮೇಲಧಿಕಾರಿಗೆ ಟಿಪ್ಪಣಿ, ಅರ್ಜಿದಾರನಿಗೆ ಉತ್ತರ, ಇವೆಲ್ಲ ಈಗ ಅದರ ಕೈಗೆ ಸಿಕ್ಕಿವೆ. ಗುಮಾಸ್ತಗಿರಿಯ ಕೆಲಸಗಳಲ್ಲಿ ನೂರಕ್ಕೆ 24ರಷ್ಟು ಈ ಯಂತ್ರದ ಪ್ರಭಾವಕ್ಕೆ ಅತಿಯಾಗಿಯೂ, ಇನ್ನೂ 58ರಷ್ಟು ಮಧ್ಯಮವಾಗಿಯೂ ಒಳಗಾಗತಕ್ಕವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2023ರ ಅಧ್ಯಯನವು ಎಣಿಸಿತು. ಹೆಚ್ಚಿನ ಉದ್ಯೋಗಗಳಲ್ಲಿ ಯಂತ್ರವು ಕೆಲಸವನ್ನು ಪೂರ್ತಿ ಕಸಿಯುವುದಕ್ಕಿಂತ ಕೆಲಸಗಾರನಿಗೆ ನೆರವಾಗುವುದೇ ಹೆಚ್ಚೆಂದು ಅದೇ ಅಧ್ಯಯನ ಹೇಳಿರುವುದನ್ನೂ ಇಲ್ಲಿ ಹೇಳದಿದ್ದರೆ ನ್ಯಾಯವಾಗದು. ಗುಮಾಸ್ತಗಿರಿಯೊಂದೇ ಅದರ ದೃಷ್ಟಿಯಲ್ಲಿ ದೊಡ್ಡ ಅಪಾಯದ ಸ್ಥಾನ. ಆ ಕೆಲಸಗಳಲ್ಲಿ ಹೆಂಗಸರೇ ಹೆಚ್ಚಾಗಿರುವುದರಿಂದ ಪೆಟ್ಟು ಬೀಳುವುದೂ ಅವರಿಗೇ ಹೆಚ್ಚು.

ಹಾಗಾದರೆ ಯಂತ್ರವು ಗುಮಾಸ್ತನಿಗಿಂತ ಮೇಲೆ? ಈ ಯಂತ್ರವು ಸತ್ಯಾಸತ್ಯವನ್ನು ತಿಳಿದು ಬರೆಯುವುದಲ್ಲ. ಕೋಟ್ಯಂತರ ಪುಟಗಳನ್ನು ಅರೆದು ಕುಡಿದು, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಲೆಕ್ಕಹಾಕಿ ಪೋಣಿಸುತ್ತದೆ. ಪೋಣಿಕೆ ಸೊಗಸಾಗಿರುತ್ತದೆ; ಅದೇ ಅಪಾಯ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು 2024ರ ಡಿಸೆಂಬರಿನಲ್ಲಿ ಹೊರಡಿಸಿದ ಒಂದು ಆಜ್ಞೆಯಲ್ಲಿ, ಇಲ್ಲದ ತೀರ್ಪುಗಳನ್ನು ಆಧಾರವಾಗಿ ಹೇಳಿದ್ದುದು ಬಯಲಾಗಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2025ರ ಮಾರ್ಚಿನಲ್ಲಿ ಬೆಂಗಳೂರಿನ ಒಂದು ಸಿವಿಲ್ ನ್ಯಾಯಾಲಯದ ಆಜ್ಞೆಯಲ್ಲಿಯೂ ಸರ್ವೋಚ್ಚ ನ್ಯಾಯಾಲಯದ ಹೆಸರಿನಲ್ಲಿ ಇಲ್ಲದ ತೀರ್ಪುಗಳು ಕಂಡುಬಂದುದರಿಂದ ನಮ್ಮ ಹೈಕೋರ್ಟು ವಿಚಾರಣೆಗೆ ಸೂಚಿಸಿತು. ಅವುಗಳಲ್ಲಿ ಯಂತ್ರದ ಕೈ ಎಷ್ಟೆಂಬುದನ್ನು ನಾವು ನಿರ್ಣಯಿಸಹೊರಟಿಲ್ಲ. ಇಲ್ಲದ ತೀರ್ಪನ್ನು ಇಸವಿ, ಪುಟಸಂಖ್ಯೆಗಳ ಸಮೇತ ಇದ್ದಂತೆ ಬರೆಯುವುದು ಈ ಯಂತ್ರಗಳ ಲೋಕಪ್ರಸಿದ್ಧವಾದ ಚಾಳಿಯೆಂಬುದಷ್ಟೇ ನಮಗೆ ಮುಖ್ಯ.

ಇಂತಹ ತಪ್ಪನ್ನು ಹಿಡಿಯುವವನು ಯಾರು? ಕಾಗದಪತ್ರಗಳಲ್ಲಿ ಕೈ ಪಳಗಿದವನು. ಕೈ ಪಳಗಿದುದು ಹೇಗೆ? ಇಂದಿನ ಶಿರಸ್ತೇದಾರನು ಅಂದಿನ ನಕಲು ಗುಮಾಸ್ತ. ಹತ್ತು ವರ್ಷ ಬೇರೆಯವರ ಆಜ್ಞೆಗಳನ್ನು ನಕಲು ಮಾಡಿದ್ದರಿಂದಲೇ ಯಾವ ಆಜ್ಞೆಯಲ್ಲಿ ಯಾವ ಮಾತು ಸಲ್ಲದೆಂಬುದು ಅವನಿಗೆ ಕಣ್ಣು ಹಾಯಿಸಿದೊಡನೆ ಗೊತ್ತಾಗುತ್ತದೆ. ಕಿರಿಯ ವಕೀಲನು ಹಿರಿಯರ ಕಪಾಟಿನ ಪುಸ್ತಕಗಳನ್ನು ತಡಕಿ ಕಲಿತನು. ಲೆಕ್ಕಪರಿಶೋಧಕನಾಗತಕ್ಕ ಹುಡುಗನು ಅಂಗಡಿಯ ರಸೀದಿಗಳಿಗೆ ಗುರುತು ಹಾಕುತ್ತ ಹಾಕುತ್ತ ಮೋಸದ ವಾಸನೆಯನ್ನು ಕಲಿತನು. ತಂತ್ರಾಂಶದ ಹೊಸಬನು ಹಿರಿಯರು ಬರೆದುದರಲ್ಲಿ ದೋಷ ಹುಡುಕಿ ಕಲಿತನು. ಬೇಸರದ ಕೆಲಸವೆಂದು ನಾವೆಲ್ಲ ಗೊಣಗಿದ ಆ ಕೆಲಸವೇ ಪಾಠಶಾಲೆಯಾಗಿತ್ತು. ಯಂತ್ರವು ಮೊಟ್ಟಮೊದಲು ನುಂಗುವುದು ಅದನ್ನೇ. ಏಣಿಯ ಕೆಳಗಿನ ಮೆಟ್ಟಿಲನ್ನು ಕೊಯ್ದರೆ ಮೇಲೆ ಏರಿ ಕುಳಿತವರಿಗೆ ಇಂದು ಏನೂ ಆಗುವುದಿಲ್ಲ. ಇಪ್ಪತ್ತು ವರ್ಷಗಳಾದ ಮೇಲೆ ಅವರು ನಿವೃತ್ತರಾದಾಗ ಯಂತ್ರದ ಕರಡನ್ನು ತಿದ್ದಬಲ್ಲವರನ್ನು ಎಲ್ಲಿಂದ ತರುವುದೆಂದು ಕೇಳಿದರೆ, ಇಂದು ಖರ್ಚು ಉಳಿಸಿದೆವೆಂದು ಬೀಗುತ್ತಿರುವವರಲ್ಲಿ ಉತ್ತರವಿಲ್ಲ.

ಬೆಂಗಳೂರಿನ ಮಟ್ಟಿಗೆ ಇನ್ನೂ ಒಂದು ಮಾತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿಗೆ ಬಂದ ಮೇಲೆ ಬೆಳೆದ ವ್ಯಾಪಾರದಲ್ಲಿ ಬಹುಭಾಗವು ಪರದೇಶದವರ ಕಚೇರಿಯ ಕೆಲಸವನ್ನು ನಾವು ಕಡಮೆ ಕೂಲಿಗೆ ಮಾಡಿಕೊಡುವುದೇ ಆಗಿತ್ತು. ಆ ಕೂಲಿಯಿಂದ ದಾವಣಗೆರೆಯಲ್ಲಿ, ಕಲಬುರಗಿಯಲ್ಲಿ ಮನೆಗಳೆದ್ದುವು, ತಂಗಿಯರ ಓದು ಮುಗಿಯಿತು. ಕೆಲಸವು ಯಂತ್ರಕ್ಕೆ ಹೋದರೆ ಕೂಲಿಯ ಹಣವು ಯಂತ್ರದ ಬಾಡಿಗೆಯಾಗಿ ಸಮುದ್ರದಾಚೆಗೇ ಉಳಿಯುವುದು. 2023ರಲ್ಲಿ ಬೆಂಗಳೂರಿನ ಒಂದು ಸಂಸ್ಥೆಯ ಒಡೆಯರು, ಗ್ರಾಹಕರಿಗೆ ಉತ್ತರ ಕೊಡುತ್ತಿದ್ದ ನೌಕರರಲ್ಲಿ ನೂರಕ್ಕೆ 90 ಮಂದಿಯನ್ನು ಬಿಡಿಸಿ ಯಂತ್ರವನ್ನು ಕೂರಿಸಿದೆವೆಂದು ಊರಿಗೆಲ್ಲ ಸಾರಿಕೊಂಡರು. ಸ್ವೀಡನ್ನಿನ ಕ್ಲಾರ್ನಾ ಸಂಸ್ಥೆಯೂ 2024ರಲ್ಲಿ ತಮ್ಮ ಯಂತ್ರವು 700 ಮಂದಿಯ ಕೆಲಸ ಮಾಡುತ್ತಿದೆಯೆಂದು ಕೊಚ್ಚಿಕೊಂಡು, 2025ರಲ್ಲಿ ಗುಣ ಕೆಟ್ಟಿತೆಂದು ಮನುಷ್ಯರನ್ನು ಮತ್ತೆ ಕರೆಯತೊಡಗಿತು. ಕೇಂದ್ರ ಸರಕಾರವು 2024ರಲ್ಲಿ ಸುಮಾರು 10,372 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತು, ಸ್ವದೇಶದ ಯಂತ್ರಬುದ್ಧಿಯನ್ನು ಕಟ್ಟುವ ಕೆಲಸಕ್ಕೆ 2025ರಲ್ಲಿ ಬೆಂಗಳೂರಿನ ಸರ್ವಂ ಸಂಸ್ಥೆಯನ್ನು ಆರಿಸಿದುದು ಸ್ವಾಗತಾರ್ಹವೇ. ಆದರೆ ಯಂತ್ರವು ನಮ್ಮದಾದ ಮಾತ್ರಕ್ಕೆ ಬಾಗಿಲಲ್ಲಿ ನಿಂತವನಿಗೆ ಕೆಲಸ ಸಿಕ್ಕಿದಂತಾಗುವುದಿಲ್ಲ.

ಕಾನೂನು ಏನು ಮಾಡುತ್ತಿದೆ? 1946ರ ಸ್ಥಾಯೀ ಆಜ್ಞೆಗಳ ಕಾಯಿದೆಯಿಂದ ಗಣಕ ಸಂಸ್ಥೆಗಳಿಗೆ ನಮ್ಮ ರಾಜ್ಯ ಸರಕಾರವು ಮತ್ತೆ ಮತ್ತೆ ವಿನಾಯಿತಿ ಕೊಡುತ್ತ ಬಂದು, 2024ರಲ್ಲಿ ಇನ್ನೂ 5 ವರ್ಷಕ್ಕೆಂದು ಅದನ್ನು ಮುಂದುವರಿಸಿತು. 2025ರ ನವೆಂಬರಿನಲ್ಲಿ ಆ ಕಾಯಿದೆಯ ಸ್ಥಾನಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆಯು ಬಂದಿದೆ. ಬಿಡಿಸಲ್ಪಟ್ಟ ಕೆಲಸಗಾರನು ಹೊಸ ಕೌಶಲ ಕಲಿಯಲೆಂದು ಅವನ 15 ದಿನಗಳ ವೇತನವನ್ನು ಮಾಲೀಕನು ಒಂದು ನಿಧಿಗೆ ಕಟ್ಟಬೇಕೆಂದು ಅದರಲ್ಲಿ ವಿಧಿಸಿದೆ. 15 ದಿನಗಳ ವೇತನದಲ್ಲಿ ಯಾವ ವಿದ್ಯೆಯನ್ನು ಕಲಿಯಬಹುದೆಂಬುದನ್ನು ಸಂಹಿತೆಯನ್ನು ರಚಿಸಿದವರೇ ಹೇಳಬೇಕು. ಅದೂ ಬಿಡಿಸಲ್ಪಟ್ಟವನೆಂದು ದಾಖಲೆಯಾದವನಿಗೆ ಮಾತ್ರ. ನಾಲ್ಕು ಗೋಡೆಗಳ ನಡುವೆ ಕರೆದು 'ನೀವೇ ರಾಜೀನಾಮೆ ಬರೆದುಕೊಡಿ' ಎಂದು ಹೇಳಿಸಿಕೊಂಡವನು ಕಾಗದದ ಮೇಲೆ ತಾನಾಗಿಯೇ ಹೋದವನು. ನೇಮಕವೇ ಆಗದವನಂತೂ ಯಾವ ಕಾಗದದಲ್ಲಿಯೂ ಇಲ್ಲ.

ಆದುದರಿಂದ ಸರಕಾರವು ಮೊದಲು ಮಾಡಬೇಕಾದುದು ಎಣಿಕೆ. ಇಂತಿಷ್ಟು ದೊಡ್ಡದಾದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೆ ಎಷ್ಟು ಹೊಸಬರನ್ನು ತೆಗೆದುಕೊಂಡಿತು, ಎಷ್ಟು ಮಂದಿಯಿಂದ ರಾಜೀನಾಮೆ ಪಡೆಯಿತು ಎಂಬುದನ್ನು ಕಾರ್ಮಿಕ ಇಲಾಖೆಗೆ ಒಪ್ಪಿಸಬೇಕು, ಇಲಾಖೆಯು ಅದನ್ನು ಪ್ರಕಟಿಸಬೇಕು. ಭೂಮಿಯನ್ನೂ ತೆರಿಗೆಯ ರಿಯಾಯಿತಿಯನ್ನೂ ಕೇಳಿ ಬರುವ ಸಂಸ್ಥೆಗಳಿಗೆ, ಯಂತ್ರವಿದ್ದರೂ ಇಂತಿಷ್ಟು ಅಭ್ಯಾಸಿಗಳನ್ನು ಸಂಬಳ ಕೊಟ್ಟು ಪಳಗಿಸಬೇಕೆಂದು ಷರತ್ತು ಹಾಕುವುದರಲ್ಲಿ ಅನ್ಯಾಯವೇನೂ ಇಲ್ಲ. ಸರಕಾರದ ಸ್ವಂತ ಕಚೇರಿಗಳಲ್ಲಿ ಯಂತ್ರದ ಕರಡನ್ನು ಬಳಸಿದ ಕಡತದಲ್ಲಿ ಹಾಗೆಂದು ಗುರುತಿರಬೇಕು. ಅದನ್ನು ಓದಿ ಒಪ್ಪಿದವನ ರುಜುವೂ ಇರಬೇಕು. ಕೇರಳದ ಹೈಕೋರ್ಟು 2025ರ ಜುಲೈಯಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ, ತೀರ್ಮಾನ ಮಾಡುವ ಕೆಲಸದಲ್ಲಿ ಈ ಯಂತ್ರವನ್ನು ಬಳಸಕೂಡದೆಂದು ನಿಯಮ ಮಾಡಿತು. ನಮ್ಮ ಸಚಿವಾಲಯಕ್ಕೂ ಅಂತಹುದೊಂದು ಬೇಕು.

ರಾಜ್ಯ ಸರಕಾರದ ಇಲಾಖೆಗಳಲ್ಲಿ 2.5 ಲಕ್ಷಕ್ಕೂ ಮೀರಿ ಹುದ್ದೆಗಳು ತೆರವಾಗಿರುವುದನ್ನು ಸರಕಾರವೇ ಈಚಿನ ವರ್ಷಗಳಲ್ಲಿ ಒಪ್ಪಿಕೊಂಡಿದೆ. ಹಣದ ಅಭಾವವೆಂದು ಇದುವರೆಗೆ ಹೇಳುತ್ತ ಬಂದವರಿಗೆ ಇನ್ನು ಮೇಲೆ ಯಂತ್ರವೆಂಬ ಮತ್ತೊಂದು ನೆಪ ಕೈಗೆ ಸಿಕ್ಕಿದೆ. ಆ ಹುದ್ದೆಗಳಲ್ಲಿ ಎಷ್ಟನ್ನು, ಯಾವ ವರ್ಷದೊಳಗೆ ತುಂಬುವಿರಿ, ಎಷ್ಟನ್ನು ಯಂತ್ರಕ್ಕೆಂದು ಬಿಟ್ಟಿರುವಿರಿ ಎಂದು ಶಾಸನಸಭೆಯ ಸದಸ್ಯರು ಮುಂದಿನ ಅಧಿವೇಶನದಲ್ಲಿ ಮಂತ್ರಿಗಳನ್ನು ನೇರವಾಗಿ ಕೇಳಬೇಕು. ಇಲಾಖೆವಾರು ಉತ್ತರ ಬಂದರೆ ಅದನ್ನು ಇದೇ ಪುಟದಲ್ಲಿ ಅಚ್ಚುಹಾಕಲು ನಾವು ಸಿದ್ಧರಿದ್ದೇವೆ.