ಏಳನೇ ಬಟನ್‌ಗೆ ಒಂದು ಹೆಸರಿಡಿ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಬರೋದು ಜನವರಿಯಲ್ಲಿ. ಹೋದ ಸಲ ರಜೆ ಸಿಗದೆ ನಾನು ಬೆಂಗಳೂರಲ್ಲೇ ಇದ್ದೆ. ಬಸವಕಲ್ಯಾಣದಿಂದ ಅಜ್ಜಿ ಫೋನ್ ಮಾಡಿದಳು. "ಏನಪಾ, ಟೀವ್ಯಾಗ ತೇರು ಕಾಣಲಾಕತ್ತದ, ಆದ್ರ ಸೀರಿ ಅಂಗಡಿ ಮಾತು ಕೇಳಲಾಕತ್ತದ!"

ಮೊಣಕಾಲು ನೋವಿನ ಅಜ್ಜಿಗೆ ಈಗ ಜಾತ್ರೆ ಅಂದ್ರೆ ಲೋಕಲ್ ಕೇಬಲ್ ಮಾತ್ರ. ಆ ಕೇಬಲ್‌ನ ಕಂಟ್ರೋಲ್ ರೂಮಿಗೆ ರೂಟರ್ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನೇ. ಹೆಂಗಿರಬೇಡ ನನಗೆ!

ಇದು ಮನೆಯ ವೈಫೈ ರೂಟರ್ ಅಲ್ಲ. 16 ಇನ್‌ಪುಟ್, 16 ಔಟ್‌ಪುಟ್ ಇರುವ ವಿಡಿಯೋ ಆಡಿಯೋ ರೂಟಿಂಗ್ ಸ್ವಿಚರ್. ಒಳಗೆ 256 ಕೂಡುದಾರಿ. ಒಂದು ಇನ್‌ಪುಟ್ಟನ್ನು ಎಷ್ಟು ಔಟ್‌ಪುಟ್‌ಗಾದರೂ ಹಂಚಬಹುದು, ಆದರೆ ಒಂದು ಔಟ್‌ಪುಟ್‌ಗೆ ಒಂದು ಹೊತ್ತಿಗೆ ಒಂದೇ ಇನ್‌ಪುಟ್. ಚಿತ್ರ, ಧ್ವನಿ ಎರಡೂ ಬೇರೆ ಬೇರೆ ಲೆವೆಲ್. ಜೋಡಿಯಾಗಿ ಸಾಗಿದರೆ ಆಡಿಯೋ ಫಾಲೋ ವಿಡಿಯೋ, ಬಿಡಿಸಿದರೆ ಬ್ರೇಕ್‌ಅವೇ.

ಆಗಿದ್ದಿಷ್ಟು. ಮಧ್ಯಾಹ್ನ ಜಾಹೀರಾತಿನ ಧ್ವನಿ ಪರೀಕ್ಷೆಗೆ ಅಂತ ಬಸವಕಲ್ಯಾಣದ ಲೈನಿನ ಆಡಿಯೋ ಬಿಡಿಸಿದ್ದರು, ಮತ್ತೆ ಜೋಡಿಸಿರಲಿಲ್ಲ. ಆಮೇಲೆ ತೇರಿನ ಚಿತ್ರ ಎರಡೂ ಊರಿಗೆ ಹೋಯಿತು, ಧ್ವನಿ ಮಾತ್ರ ಹುಮನಾಬಾದಿಗಷ್ಟೇ. ರೂಮಿನ ಮಾನಿಟರ್ ತೋರಿಸುತ್ತಿದ್ದದ್ದೂ ಹುಮನಾಬಾದಿನ ಲೈನನ್ನೇ. ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿದ್ದ ಹುಡುಗನಿಗೆ ಫೋನ್ ಮಾಡಿದರೆ, "ಅಣ್ಣಾ, ಔಟ್ 7 ಅಂದ್ರ ಯಾವ ಊರು?" ಅಂದ. ಒಂದು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡೀತು. ಅಷ್ಟೊತ್ತಿಗೆ ತೇರು ಮುಂದೆ ಹೋಗಿತ್ತು.

ತಪ್ಪು ಅವನದಲ್ಲ, ನನ್ನದು. ಮೊದಲು ಕನ್ನಡದಲ್ಲೇ ಹೆಸರು ಹಾಕಲು ಹೋಗಿದ್ದೆ. ನನ್ನ ಪ್ರೋಗ್ರಾಮಿನಲ್ಲಿ ಒಂದು ಹೆಸರಿಗೆ ಇದ್ದ ಜಾಗ 16 ಬೈಟ್. 'ಬಸವಕಲ್ಯಾಣ' ಕಣ್ಣಿಗೆ ಆರೇ ಅಕ್ಷರ. ಯುನಿಕೋಡ್‌ನಲ್ಲಿ 9 ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟಿನಂತೆ 27 ಬೈಟ್. ತೆರೆ ಮೇಲೆ 'ಬಸವಕಲ', ಪಕ್ಕದಲ್ಲೊಂದು ಡಬ್ಬಿ! ಅದನ್ನು ಸರಿಮಾಡೋದು ಬಿಟ್ಟು, ಸೋಮಾರಿತನಕ್ಕೆ ಬರೀ ನಂಬರ್ ಹಾಕಿ ಕೈ ತೊಳೆದುಕೊಂಡೆ.

ನಂಬರ್ ಯಂತ್ರಕ್ಕೆ ಸರಿ, ಮನುಷ್ಯರಿಗಲ್ಲ ಅನ್ನೋದು ನನ್ನ ವಾದ. ಬ್ಲ್ಯಾಕ್‌ಮ್ಯಾಜಿಕ್ ವಿಡಿಯೋಹಬ್‌ನ ಈಥರ್ನೆಟ್ ಪ್ರೊಟೊಕಾಲ್‌ನಲ್ಲಿ ಎಣಿಕೆ ಸೊನ್ನೆಯಿಂದ ಶುರು. ಊರಲ್ಲಿ ಯಾರ್ರೀ ಸೊನ್ನೆಯಿಂದ ಎಣಿಸ್ತಾರೆ? 'ಇಂಗ್ಲಿಷ್‌ನಲ್ಲಿದ್ರೆ ಪ್ರೊಫೆಷನಲ್' ಅಂತ ಗೆಳೆಯರು ವಾದಿಸ್ತಾರೆ. ಗಡಿಬಿಡಿಯಲ್ಲಿ ಸರಿಯಾದ ಬಟನ್ ಒತ್ತೋದೇ ಪ್ರೊಫೆಷನಲ್ ಕಣ್ರೀ. ಇದು ಬರೀ ಕನ್ನಡಾಭಿಮಾನದ ಮಾತೂ ಅಲ್ಲ. ನಮ್ಮ ಬೀದರ್ ಕಡೆ ಕನ್ನಡ, ಮರಾಠಿ, ಉರ್ದು ಎಲ್ಲಾ ಇದೆ. ಬಟನ್ ಒತ್ತುವವನು ಯಾವುದನ್ನು ಸಲೀಸಾಗಿ ಓದುತ್ತಾನೋ ಅದರಲ್ಲೇ ಹೆಸರಿರಲಿ, ಹೆಸರನ್ನು ಅವನೇ ಇಡಲಿ.

ಈಗ 16 ಬೈಟಿನ ಮಿತಿ ತೆಗೆದಿದ್ದೇನೆ. ಹುಡುಗ ತಾನೇ ಹೆಸರಿಟ್ಟಿದ್ದಾನೆ: 'ಗುಡಿ ಮುಂದ', 'ಬಸವಕಲ್ಯಾಣ ಲೈನ್'. 'ಜಾತ್ರಿ ಲೈವ್' ಅಂತ ಒಂದು ಸಾಲ್ವೋ ಬಟನ್ ಇದೆ. ಒತ್ತಿದರೆ ಎರಡೂ ಊರಿನ ಚಿತ್ರ, ಧ್ವನಿ ಒಟ್ಟಿಗೇ ಬದಲಾಗಿ ಔಟ್‌ಪುಟ್ ಲಾಕ್ ಆಗುತ್ತೆ. ಆಜ್ಞೆ ಕಳಿಸಿದ್ದನ್ನೇ ನಂಬದೆ, ನಿಜಕ್ಕೂ ಏನು ಜೋಡಿಸಿದೆ ಅಂತ ರೂಟರನ್ನೇ ಕೇಳಿ ತೋರಿಸುತ್ತೆ. ಎರಡು ಊರಿಗೆ ಎರಡು ಮಾನಿಟರ್.

ನುಡಿ, ಬರಹ ಅಂತ ಒದ್ದಾಡಿ ಯುನಿಕೋಡ್‌ಗೆ ಬಂದ ಹಿರಿಯ ಬ್ಲಾಗಿಗರು ಇಲ್ಲಿದ್ದೀರಿ. ಓದೋಕೆ ಬರೆಯೋಕೆ ಕನ್ನಡ ಬಂತು, ಸರಿ. ಕೆಲಸದ ಬಟನ್ ಮೇಲೆ ಯಾವಾಗ? ನೀವು ಬಳಸುವ ಸಾಫ್ಟ್‌ವೇರ್‌ನಲ್ಲಿ ನಿಮ್ಮೂರಿನ ಹೆಸರು ಟೈಪ್ ಮಾಡಿ ನೋಡಿ. ಎಲ್ಲಿ ಮುರೀತು ಅಂತ ಕಾಮೆಂಟ್ ಹಾಕಿ.

ಅಜ್ಜಿಗೆ ಇದನ್ನೆಲ್ಲಾ ವಿವರಿಸಿದೆ. "ಅದೆಲ್ಲಾ ಇರಲಿ, ಮುಂದಿನ ಸಲ ಡೊಳ್ಳು ಕೇಳಸ್ತದೋ ಇಲ್ಲೋ?" ಅಂದಳು.

ಕೇಳಸ್ತದ ಅಜ್ಜಿ.