ನಾಲ್ಕು ತುಂಡಿನ ಆನೆ

ಈ ವಾರ ಆಟದ ವಿಚಾರ. ಅಂಕ, ಟ್ಯೂಷನ್ನು, ಪರೀಕ್ಷೆ ಎಲ್ಲ ಬಿಟ್ಟು ಮೇಷ್ಟ್ರು ಆಟದ ಮಾತೆತ್ತಿದರಲ್ಲ ಎಂದು ಪೋಷಕರು ಹುಬ್ಬು ಗಂಟಿಕ್ಕುವುದು ಬೇಡ. ಪ್ರೌಢಶಾಲೆಯ ಗಣಿತವೂ ಇದರಲ್ಲಿದೆ, ಮೂರು ವರ್ಷದ ಮಗುವಿನ ಮನಸ್ಸೂ ಇದರಲ್ಲಿದೆ.

ಚಿತ್ರವನ್ನು ತುಂಡು ಮಾಡಿ ಮತ್ತೆ ಜೋಡಿಸುವ ಆಟಕ್ಕೆ ಜಿಗ್‌ಸಾ ಪಜಲ್ ಎಂಬ ಹೆಸರು ಬಂದದ್ದು ತಡವಾಗಿ. ಆಟ ಅದಕ್ಕಿಂತ ಹಳೆಯದು, ಮತ್ತು ಹುಟ್ಟಿದ್ದೇ ಪಾಠಕ್ಕಾಗಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ಕೆತ್ತನೆಗಾರ ಭೂಪಟವನ್ನು ತೆಳು ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಗರಗಸದಿಂದ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸುವ ಸಾಧನವೆಂದು ಮಾರಿದ. ಇಲ್ಲಿ ನೋಡಬೇಕಾದದ್ದು ಗರಗಸ ಹೋದ ದಾರಿಯನ್ನು. ಆತ ಭೂಪಟವನ್ನು ಚೌಕ ಚೌಕವಾಗಿ ಕತ್ತರಿಸಿದ್ದರೆ ಮಕ್ಕಳು ಜೋಡಿಸುತ್ತಿದ್ದುದು ಬರೀ ಕಾಗದವನ್ನು, ದೇಶಗಳನ್ನಲ್ಲ. ನಮ್ಮ ಭಾರತದ ನಕ್ಷೆಯನ್ನೇ ತೆಗೆದುಕೊಳ್ಳಿ. ರಾಜ್ಯಗಳ ಗಡಿಗುಂಟ ಕತ್ತರಿಸಿದ ಪಜಲ್‌ನಲ್ಲಿ ಕರ್ನಾಟಕದ ತುಂಡನ್ನು ಕೂರಿಸಿದ ಹುಡುಗನಿಗೆ ಗೋವಾ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರ, ತಮಿಳುನಾಡು, ಕೇರಳ ಎಂಬ ಆರು ನೆರೆಯವರ ಗುರುತು ಬಾಯಿಪಾಠವಿಲ್ಲದೆ ಸಿಗುತ್ತದೆ. (ಶಾಲೆಯ ಬೀರುವಿನಲ್ಲಿ 2014ಕ್ಕೆ ಮೊದಲಿನ ಪಜಲ್ ಇದ್ದರೆ ನೆರೆಯವರು ಐದೇ. ಅದನ್ನು ಎಸೆಯಬೇಡಿ, ಹೊಸ ರಾಜ್ಯದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.)

ಈಗ ಗರಗಸದ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಅಮೆರಿಕದ ಎಂ.ಐ.ಟಿ.ಯ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರಾಚ್ ಎಂಬ ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತದೆ. ಅದರಲ್ಲಿ ಆಜ್ಞೆಗಳೇ ಪಜಲ್ ತುಂಡುಗಳಂತಿವೆ; ಒಂದಕ್ಕೊಂದು ಹೊಂದುವ ಆಕಾರವಿದ್ದರೆ ಮಾತ್ರ ಕೂರುತ್ತವೆ. ನಮ್ಮ ಶಾಲೆಯ ಹತ್ತನೇ ತರಗತಿಯ ಕೆಲವರು ಇದರಲ್ಲಿ ಪಕ್ಕದ ಅಂಗನವಾಡಿಯ ಮಕ್ಕಳಿಗಾಗಿ ನಾಲ್ಕು ತುಂಡಿನ ಆನೆಯೊಂದನ್ನು ಮಾಡಿದರು. ಚಿತ್ರ ಬರೆದು ನಾಲ್ಕು ಭಾಗ ಮಾಡುವುದು ಅರ್ಧ ಗಂಟೆಯ ಕೆಲಸ. ಕಷ್ಟ ಬಂದದ್ದು ಆಮೇಲೆ: ಮಗು ತುಂಡನ್ನು ಎಳೆದು ತಂದು ಬಿಟ್ಟಾಗ ಅದು ಸರಿಯಾದ ಜಾಗಕ್ಕೆ ಬಂತೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು?

ಸ್ಕ್ರಾಚಿನ ಪರದೆಯ ನಟ್ಟನಡುವೆ ಸೊನ್ನೆ ಇರುತ್ತದೆ, ನಮ್ಮ ಗ್ರಾಫ್ ಹಾಳೆಯ ಮೂಲಬಿಂದುವಿನ ಹಾಗೆ. ಆನೆಯ ಚಿತ್ರ 240 ಅಗಲ, 240 ಎತ್ತರ. ತುಂಡುಗಳು 120ರ ಚೌಕಗಳು. ಬಲಮೇಲಿನ ತುಂಡಿನ ಮಧ್ಯಬಿಂದು (60, 60)ರಲ್ಲಿ ಕೂರಬೇಕು. ಮಗು ಅದನ್ನು (36, 42)ರಲ್ಲಿ ಬಿಟ್ಟಿತು ಎನ್ನೋಣ. ಅಡ್ಡಕ್ಕೆ 24, ಉದ್ದಕ್ಕೆ 18 ವ್ಯತ್ಯಾಸ. ಎರಡರ ವರ್ಗಗಳನ್ನು ಕೂಡಿಸಿದರೆ 900, ವರ್ಗಮೂಲ 30. ಪೈಥಾಗೊರಸನ ಪ್ರಮೇಯವೇ ಇಲ್ಲಿ ತೀರ್ಪುಗಾರ. ದೂರ ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ ತುಂಡು ಟಕ್ಕೆಂದು ಜಾಗಕ್ಕೆ ಹೋಗಿ ಕೂರಲಿ ಎಂದು ಆಜ್ಞೆ ಕೊಡಬೇಕು. ಆ ‘ಇಂತಿಷ್ಟು’ ಎಷ್ಟು?

ನಮ್ಮವರು ಉದಾರಿಗಳಾಗಿ ಮೊದಲು 100 ಎಂದಿಟ್ಟರು. ಪಾಪ, ಚಿಕ್ಕ ಮಕ್ಕಳಲ್ಲವೇ! ಅಂಗನವಾಡಿಯ ಪುಟ್ಟಿಯೊಬ್ಬಳು ಎರಡೇ ನಿಮಿಷದಲ್ಲಿ ಇದರ ಹುಳುಕು ಹಿಡಿದಳು. ಯಾವ ತುಂಡಾದರೂ ಸರಿ, ತಂದು ಚಿತ್ರದ ನಡುವೆ ಬಿಟ್ಟರೆ ಸಾಕು, ತಾನಾಗಿ ಮನೆ ಸೇರುತ್ತಿತ್ತು. ಲೆಕ್ಕ ಹಾಕಿ ನೋಡಿ: ನಡುವಿನಿಂದ ನಾಲ್ಕೂ ಜಾಗಗಳಿಗೆ ಸುಮಾರು 85ರ ದೂರ, 100ಕ್ಕಿಂತ ಕಡಿಮೆ. ಆಕೆ ಆನೆಯತ್ತ ನೋಡುವುದನ್ನೇ ಬಿಟ್ಟಳು, ಸೊಂಡಿಲು ಯಾವುದು ಬಾಲ ಯಾವುದು ಎಂಬ ಗೊಡವೆಯೇ ಇಲ್ಲ. ಇದನ್ನು ತಿದ್ದಲು ನಮ್ಮವರು ದೂರವನ್ನು 10ಕ್ಕೆ ಇಳಿಸಿದರು. ಈಗ ಇನ್ನೊಂದು ಫಜೀತಿ. ಸೊಂಡಿಲು ಎಲ್ಲಿಗೆ ಸೇರಬೇಕೆಂದು ಹುಡುಗನಿಗೆ ಚೆನ್ನಾಗಿ ಗೊತ್ತು, ತಂದದ್ದೂ ಅಲ್ಲಿಗೇ. ಆದರೆ ಆ ಪುಟ್ಟ ಕೈ ಮೌಸನ್ನು ಕೂದಲೆಳೆಯಷ್ಟು ನಿಖರವಾಗಿ ನಿಲ್ಲಿಸಲಾರದು. ತುಂಡು ಮತ್ತೆ ಮತ್ತೆ ಹಿಂದಕ್ಕೆ ಹೋಯಿತು. ಮೂರನೆಯ ಸಲಕ್ಕೆ ಅವನು ಸೊಂಡಿಲನ್ನು ಬಾಲದ ಜಾಗದಲ್ಲಿ ಇಟ್ಟು ನೋಡಿದ. ಗೊತ್ತಿದ್ದುದನ್ನೇ ಅನುಮಾನಿಸುವ ಹಾಗೆ ಮಾಡಿತು ನಮ್ಮ ಪಜಲ್.

ಕೊನೆಗೆ 40ಕ್ಕೆ ನಿಂತಿತು, ತುಂಡಿನ ಅಗಲದ ಮೂರನೇ ಒಂದು ಭಾಗ. ಕೈ ಸ್ವಲ್ಪ ತಪ್ಪಿದರೆ ಮನ್ನಿಸಬೇಕು, ಕಣ್ಣು ತಪ್ಪಿದರೆ ಮನ್ನಿಸಬಾರದು. ಅಂಗಡಿಯ ಪಜಲ್ ಆಗಲಿ, ಮೊಬೈಲಿನದಾಗಲಿ, ಮಕ್ಕಳ ಕೈಗೆ ಕೊಡುವ ಮುನ್ನ ಪೋಷಕರು ಇದೊಂದನ್ನು ಪರೀಕ್ಷಿಸಿ. ಬೇಕೆಂದೇ ತಪ್ಪು ಜಾಗದಲ್ಲಿಟ್ಟು ನೋಡಿ, ಸರಿಯಾದ ಜಾಗದ ಹತ್ತಿರ ತುಸು ಓರೆಯಾಗಿ ಬಿಟ್ಟೂ ನೋಡಿ.

ತಪ್ಪಾದಾಗ ‘ಗೊರ್’ ಎಂದು ಸದ್ದು ಬರಲಿ ಎಂಬುದು ಒಬ್ಬ ವಿದ್ಯಾರ್ಥಿಯ ಸಲಹೆಯಾಗಿತ್ತು, ನಾನು ಬೇಡವೆಂದೆ. ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿಗೆ ಬಂದು ಯುದ್ಧದ ಕಾರಣ 1946ರವರೆಗೆ ಭಾರತದಲ್ಲೇ ಉಳಿದವರು. ಅವರ ಪದ್ಧತಿಯಲ್ಲಿ ಮರದ ದಿಮ್ಮಿಯೊಂದರಲ್ಲಿ ಹತ್ತು ಕುಳಿಗಳಿವೆ, ಒಂದೊಂದಕ್ಕೂ ತಕ್ಕ ಉರುಳೆಯಿದೆ. ಸಣ್ಣ ಉರುಳೆಯನ್ನು ದೊಡ್ಡ ಕುಳಿಗೆ ಹಾಕಿದರೆ ಕೊನೆಗೆ ದಪ್ಪದ್ದೊಂದು ಕೈಯಲ್ಲಿ ಉಳಿಯುತ್ತದೆ, ಹಿಡಿಸುವ ಕುಳಿ ಇರುವುದಿಲ್ಲ. ಯಾರೂ ಗದರಿಸಲಿಲ್ಲ, ಟೀಚರ್ ಬಾಯಿ ಬಿಡಲಿಲ್ಲ, ತಪ್ಪಾಗಿದೆ ಎಂದು ಮರವೇ ಹೇಳಿತು. ನಮ್ಮ ಮನೆಗಳಲ್ಲಿ ನಡೆಯುವುದು ಬೇರೆ. ಮಗು ತುಂಡು ಕೈಗೆತ್ತಿಕೊಂಡು ಚಿತ್ರವನ್ನು ನೋಡುವ ಬದಲು ಅಮ್ಮನ ಮುಖ ನೋಡುತ್ತದೆ, “ಇದಾ? ಇಲ್ಲಾ?” ಎನ್ನುತ್ತದೆ. ಅಜ್ಜಿಗಂತೂ ತಾಳ್ಮೆಯಿಲ್ಲ, “ಅಲ್ಲಲ್ಲ ಬಂಗಾರ, ಇಲ್ಲಿ” ಎಂದು ತಾನೇ ಇಟ್ಟು ಚಪ್ಪಾಳೆ ತಟ್ಟುತ್ತಾರೆ. ದಯವಿಟ್ಟು ಒಂದು ನಿಮಿಷ ಕೈ ಕಟ್ಟಿ ಕೂತಿರಿ.

ಎಷ್ಟು ತುಂಡು ಎಂಬುದೂ ಯೋಚಿಸಬೇಕಾದ ಮಾತು. ನೂರು ತುಂಡಿನದನ್ನು ತಂದುಕೊಟ್ಟು “ನಮ್ಮವನಿಗೆ ಇನ್ನೂ ನಾಲ್ಕು ವರ್ಷ” ಎಂದು ಬೀಗುವ ತಂದೆಯರಿದ್ದಾರೆ. ನಾಲ್ಕು ತುಂಡಿನ ಪಜಲ್‌ನಲ್ಲಿ ನಾಲ್ಕೂ ಮೂಲೆಗಳೇ. ಮೂರು ಸಾಲು, ನಾಲ್ಕು ಕಂಬದ ಹನ್ನೆರಡರಲ್ಲಿ ಅಂಚಿಲ್ಲದ ತುಂಡು ಎರಡೇ. ಹತ್ತು ಸಾಲು, ಹತ್ತು ಕಂಬದ ನೂರರಲ್ಲಿ 36 ಅಂಚಿನವು, 64 ಒಳಗಿನವು! ನೇರ ಅಂಚು ಮಗುವಿಗೆ ಸಿಗುವ ಮೊದಲ ಸುಳಿವು. ನೂರರಲ್ಲಿ ಬಹುಪಾಲು ತುಂಡುಗಳಿಗೆ ಅದೇ ಇಲ್ಲ. ಅದರ ಮೇಲೆ ಚಿತ್ರದ ಅರ್ಧ ಬರೀ ನೀಲಿ ಆಕಾಶವಾದರೆ ದೊಡ್ಡವರೇ ಕೈ ಚೆಲ್ಲಬೇಕು. ಪ್ರತಿ ತುಂಡಿನಲ್ಲೂ ಮಗು ಹೆಸರು ಹೇಳಬಲ್ಲಂಥದ್ದು ಏನಾದರೂ ಇರಲಿ, ದಂತ, ಕಿವಿ, ಕಾಲಿನ ಗೊರಸು. ಒಂದು ಗೆರೆಯಾದರೂ ಈ ತುಂಡಿನಿಂದ ಪಕ್ಕದ ತುಂಡಿಗೆ ಹರಿಯಲಿ.

ಹಾಗಂತ ಪರದೆಯೊಂದೇ ಸಾಲದು. ನಾಲ್ಕು ಚೌಕ ತುಂಡುಗಳನ್ನು ನಾಲ್ಕು ಜಾಗಗಳಲ್ಲಿ 24 ರೀತಿ ಇಡಬಹುದು. ಪ್ರತಿ ತುಂಡನ್ನೂ ನಾಲ್ಕು ಕಡೆಗೆ ತಿರುಗಿಸಬಹುದು ಎಂದಾದರೆ ಆ ಸಂಖ್ಯೆ 6144ಕ್ಕೆ ಏರುತ್ತದೆ. ನಮ್ಮ ಕಂಪ್ಯೂಟರ್ ಆನೆಯ ತುಂಡುಗಳು ತಿರುಗುವುದಿಲ್ಲ, ಎಲ್ಲವೂ ನೆಟ್ಟಗೇ ನಿಂತಿರುತ್ತವೆ. ತಲೆಕೆಳಗಾದ ಕಾಲನ್ನು ಕೈಯಲ್ಲಿ ತಿರುತಿರುಗಿಸಿ ನೋಡುವ ಕೆಲಸ ಮಗುವಿಗೆ ತಪ್ಪಿಹೋಗುತ್ತದೆ. ಆದ್ದರಿಂದ ಮೊದಲು ರಟ್ಟಿನದು, ಆಮೇಲೆ ಪರದೆಯದು.

ರಟ್ಟಿನದಕ್ಕೆ ಖರ್ಚೇನೂ ಇಲ್ಲ. ಹಳೆಯ ಕ್ಯಾಲೆಂಡರಿನ ಚಿತ್ರ, ದಪ್ಪ ರಟ್ಟು, ಮೈದಾ ಅಂಟು. ರಾತ್ರಿಯಿಡೀ ಪುಸ್ತಕಗಳ ಭಾರ ಹೇರಿ ಒಣಗಿಸಿ ಕತ್ತರಿಸಿ. ಮೂರು ವರ್ಷದೊಳಗಿನ ಮಗುವಿದ್ದರೆ ತುಂಡುಗಳು ಅಂಗೈ ಅಗಲ ಇರಲಿ. ಅಮೆರಿಕದ ನಿಯಮದಲ್ಲಿ ಇದಕ್ಕೆಂದೇ 1.25 ಅಂಗುಲ ವ್ಯಾಸದ ಕೊಳವೆಯೊಂದಿದೆ; ಅದರೊಳಗೆ ಪೂರ್ತಿ ಇಳಿಯುವ ಚೂರು ಅಷ್ಟು ಚಿಕ್ಕ ಮಕ್ಕಳ ಆಟಿಕೆಯಲ್ಲಿ ಇರುವಂತಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುವ ಭಯ. ಎರಡು ಮೂರು ಪಜಲ್ ಮಾಡುವುದಾದರೆ ಹಿಂಬದಿಗೆ ಒಂದೊಂದು ಬಣ್ಣ ಬಳಿಯಿರಿ, ಇಲ್ಲವಾದರೆ ಆನೆಗೆ ನವಿಲಿನ ಬಾಲ ಬಂದೀತು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಸ್ಕ್ರಾಚಿನಲ್ಲಿ 240 ಅಗಲ, 180 ಎತ್ತರದ ಚಿತ್ರವನ್ನು ಹನ್ನೆರಡು ಸಮ ಚೌಕಗಳಾಗಿ ಕತ್ತರಿಸಿದ್ದೀರಿ. ಅಂಗನವಾಡಿಯ ಆ ಪುಟ್ಟಿ ನಾಲ್ಕು ತುಂಡು ಸೇರುವ ಮೂಲೆಯಲ್ಲಿ ತುಂಡು ಬಿಟ್ಟು ನಿಮ್ಮನ್ನು ಏಮಾರಿಸಬಾರದು. ಮನ್ನಿಸುವ ದೂರ ಎಷ್ಟಕ್ಕಿಂತ ಕಡಿಮೆ ಇರಬೇಕು?